ಬೆಕ್ಕಿಗೆ ಬರೆದ ಕೊಂಬು

ಬೆಕ್ಕಿಗೆ ಕೊಂಬು ಬರೆದವಳು ನಾನು. ಚಿತ್ರ ತಪ್ಪಾಗಿತ್ತು ಎಂದು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಒಪ್ಪದೆ ಉಳಿದದ್ದು ಬೇರೊಂದು ಮಾತು. ಆ ಮಾತಿಗಾಗಿ ನನ್ನ ಓದಿನ ಒಂದು ವರ್ಷ ಹೋಯಿತು. ಹೋದರೆ ಹೋಯಿತು, ಅದಕ್ಕಾಗಿ ನಾನು ಎಳ್ಳಷ್ಟೂ ಮರುಗಿಲ್ಲ.

ನಮ್ಮದು ಉದಗೀರದಲ್ಲಿ ಕಾಳಿನ ವ್ಯಾಪಾರದ ಮನೆ. ಕೊರಳಲ್ಲಿ ಲಿಂಗ. ಮನೆಯೊಳಗೆ ಕನ್ನಡ, ಅಂಗಡಿಯ ಕಟ್ಟೆಯ ಮೇಲೆ ಮರಾಠಿ, ಕಚೇರಿಗೆ ಹೋದರೆ ಉರ್ದು. ಯಾವುದು ಯಾರ ಭಾಷೆ ಎಂದು ಎಣಿಸುವ ಕೆಲಸ ನಮಗೆ ಗೊತ್ತಿರಲಿಲ್ಲ. ಅದನ್ನು ಕಲಿಸುವವರು ಆಮೇಲೆ ಬಂದರು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿಯಿತು, ಶಾಲೆಯಲ್ಲಿ ಉರ್ದು ಹೋಗಿ ಮರಾಠಿ ಬಂತು. ಇನ್ನು ಕೆಲವು ವರ್ಷಕ್ಕೆ ಬೀದರ ಮೈಸೂರಿನ ಕಡೆ ಹೋಯಿತು, ಉದಗೀರ, ನಿಲಂಗಾ ಮುಂಬಯಿಯ ಕಡೆ ಬಂದವು. ನಾನು ಏಳನೇ ಇಯತ್ತೆಗೆ, ಎಂದರೆ ಏಳನೇ ತರಗತಿಗೆ, ಬಂದದ್ದು ಆ ಗೆರೆ ಬಿದ್ದ ಮರುವರ್ಷ.

ಆ ಏಳನೇ ಇಯತ್ತೆಯನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕಾರಣವಿತ್ತು. ಔರಾದ ಶಹಾಜನಿಯ ಕಿರಾಣಿ ವ್ಯಾಪಾರದವರು ಬಂದು ನನ್ನನ್ನು ನೋಡಿ ಹೋಗಿದ್ದರು. ಅವರಿಗೆ ಹುಡುಗಿ ಒಪ್ಪಿಗೆಯಾಗಿದ್ದಳು. ಹುಡುಗಿಗೆ ಒಪ್ಪಿಗೆಯೇ ಎಂದು ಕೇಳುವ ಪದ್ಧತಿ ಎರಡೂ ಮನೆಯಲ್ಲಿ ಇರಲಿಲ್ಲ. ಏಳನೆಯದು ಮುಗಿಯಲಿ ಎಂದಷ್ಟೇ ಅಪ್ಪ ಹೇಳಿ ಕಳಿಸಿದ್ದ. ಏಳನೆಯದು ಪಾಸಾದರೆ ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ಹಾಕಬಹುದು ಎಂಬುದು ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಪರೀಕ್ಷೆಗೆ ಶಾಲೆಯಿಂದ ಫಾರ್ಮು ಹೋಗಬೇಕು, ಫಾರ್ಮಿನ ಮೇಲೆ ವರ್ಗದ ಗುರೂಜಿಯ ಸಹಿ ಬೀಳಬೇಕು. ಬಿದ್ದರೆ ನನಗೊಂದು ದಾರಿ, ಬೀಳದಿದ್ದರೆ ಔರಾದ.

ಗುರೂಜಿ ಪುಣೆಯ ಕಡೆಯವರು. ಉರ್ದು ಶಾಲೆಗಳನ್ನು ಮರಾಠಿ ಮಾಡಲು ಆ ಕಡೆಯಿಂದ ಎಷ್ಟೋ ಜನ ಬಂದಿದ್ದರು, ಅವರಲ್ಲಿ ಇವರೂ ಒಬ್ಬರು. ಸುಳ್ಳು ಹೇಳಬಾರದು, ಅಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಣ್ಣದ ಖಡು, ಎಂದರೆ ಸೀಮೆಸುಣ್ಣದಿಂದ, ಗೋಡೆಯ ಕರಿ ಫಳಿಯ ಮೇಲೆ ನದಿ, ಕೋಟೆ, ಹಡಗು ಎಲ್ಲ ಬರೆಯುತ್ತಿದ್ದರು. ಹುಡುಗಿಯರು ನಾಲ್ಕೇ ಜನ, ಗೋಡೆಯ ಬದಿಗೆ ಕೂತಿರುತ್ತಿದ್ದೆವು. ಅವರು ನಮ್ಮನ್ನೂ ಪ್ರಶ್ನೆ ಕೇಳುತ್ತಿದ್ದರು. ಅದಕ್ಕೇ ನನಗೆ ಅವರ ಮೇಲೆ ಪ್ರೀತಿ. ಆಮೇಲೆ ಅಷ್ಟು ಉರಿದದ್ದೂ ಅದಕ್ಕೇ.

ಒಂದು ದಿನ ಇತಿಹಾಸದ ತಾಸಿನಲ್ಲಿ ಪ್ರಾಚೀನ ಇಜಿಪ್ತಿನ ಪಾಠ ಬಂತು. ನೈಲ್ ನದಿ, ಮಹಾಪೂರ, ಗೋಧಿ, ಕಲ್ಲಿನ ಗೋರಿ. ಆಮೇಲೆ ಅವರ ದೇವರು. ಗಿಡುಗನ ತಲೆಯ ದೇವರು, ಮೊಸಳೆಯ ತಲೆಯ ದೇವರು, ಆಕಳ ಕಿವಿಯ ದೇವಿ, ಸಗಣಿ ಉಂಡೆ ಉರುಳಿಸುವ ಹುಳದ ತಾಯಿತ. ಗುರೂಜಿ ಒಂದೊಂದನ್ನೂ ಹೇಳಿ ನಕ್ಕರು, ನಾವೂ ನಕ್ಕೆವು. ಕೊನೆಗೆ ಫಳಿಯ ಮೇಲೆ ಒಂದು ವಾದ್ಯ ಬರೆದರು. ಹಿಡಿಕೆಯ ಮೇಲೆ ಕಂಚಿನ ಬಾಗು, ಬಾಗಿನಲ್ಲಿ ಅಡ್ಡಡ್ಡ ಸರಳು. ಕೈಯಲ್ಲಿ ಹಿಡಿದು ಅಲುಗಿಸಿದರೆ ಝಣಝಣ ಅನ್ನುತ್ತದೆ. ಪೂಜೆ ಮಾಡುವ ಹೆಂಗಸರು ಅದನ್ನು ದೇವಿಯ ಮುಂದೆ ಅಲುಗಿಸುತ್ತಿದ್ದರಂತೆ. ಅದರ ಹೆಸರು ಸಿಸ್ಟ್ರಮ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಾಗಿನ ನೆತ್ತಿಯ ಮೇಲೆ ಒಂದು ಪ್ರಾಣಿ ಕೂತಿತ್ತು. ಇದನ್ನು ನಿಮ್ಮ ನಿಮ್ಮ ವಹಿಯಲ್ಲಿ, ನೋಟುಬುಕ್ಕಿನಲ್ಲಿ, ತೆಗೆಯಿರಿ ಎಂದರು.

ನಾನು ತೆಗೆದೆ. ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಹಿತ್ತಾಳೆಯ ಗಂಟೆ ಇತ್ತು, ಅದರ ಹಿಡಿಕೆಯ ತುದಿಗೆ ಬಸವಣ್ಣ, ಎಂದರೆ ನಂದಿ, ಕಾಲು ಮಡಚಿ ಕೂತಿದ್ದ. ಬುದ್ಧಿ ಬಂದಾಗಿನಿಂದ ದಿನಕ್ಕೆ ಎರಡು ಸಲ ನೋಡಿದ ಗಂಟೆ. ದೇವರ ಮುಂದೆ ಬಾರಿಸುವ ವಸ್ತುವಿನ ತುದಿಗೆ ಕೂಡುವುದು ಬಸವಣ್ಣನೇ ಎಂಬುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಗುರೂಜಿ ಬರೆದ ಪ್ರಾಣಿಯ ತಲೆಯ ಮೇಲೆ ಎರಡು ಚೂಪು ಇದ್ದವು. ಕೊಂಬು ಅಂದುಕೊಂಡು, ಸ್ವಲ್ಪ ಬಾಗಿಸಿ, ಇನ್ನಷ್ಟು ಚಂದ ಮಾಡಿ ಬರೆದೆ. ಭುಜದ ಮೇಲೆ ಡುಬ್ಬ ಇಟ್ಟೆ. ಹಣೆಗೆ ವಿಭೂತಿಯನ್ನೂ ಎಳೆದೆ. ಪಕ್ಕದವಳು ಇಣುಕಿ ನೋಡಿದಳು, ಅವಳಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವಳೂ ನಮ್ಮ ಕಡೆಯವಳೇ.

ಗುರೂಜಿ ಸಾಲುಸಾಲು ವಹಿ ನೋಡುತ್ತ ಬಂದು ನನ್ನ ಹತ್ತಿರ ನಿಂತರು. ವಹಿ ಎತ್ತಿ ವರ್ಗಕ್ಕೆಲ್ಲ ತೋರಿಸಿದರು. ಅದು ಬೆಕ್ಕಾಗಿತ್ತು.

"ಕಾನಡೀ ಘರಾತ ಮಾಂಜರಾಲಾಹೀ ಶಿಂಗಂ ಫುಟತಾತ," ಎಂದರು. ಕನ್ನಡದವರ ಮನೆಯಲ್ಲಿ ಬೆಕ್ಕಿಗೂ ಕೊಂಬು ಬರುತ್ತವೆ.

ವರ್ಗ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬರಬಹುದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಕೊಂಬು ಅಳಿಸಿ ಕಿವಿ ಬರೆದು ಸುಮ್ಮನಿರುತ್ತಿದ್ದೆ. ಅವರು ನಿಲ್ಲಿಸಲಿಲ್ಲ. ಪ್ರಾಣಿಗೆ ಕೈಮುಗಿಯುವವರ ಬುದ್ಧಿ ಪ್ರಾಣಿಯಷ್ಟೇ ಬೆಳೆಯುತ್ತದೆ, ಇಜಿಪ್ತಿನ ಮೂರ್ಖರು ಅದಕ್ಕೇ ಮಣ್ಣುಗೂಡಿದರು, ಎತ್ತಿಗೆ ಕೈಮುಗಿಯುವವರು ಎತ್ತುಗಳಾಗಿಯೇ ಉಳಿಯುತ್ತಾರೆ ಎಂದು ಹೇಳಿ ವಹಿಯನ್ನು ನನ್ನ ಮುಂದೆ ಒಗೆದರು. ನನ್ನ ಕಿವಿ ಬಿಸಿಯಾದವು. ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿದೆ.

ಮನೆಯಲ್ಲಿ ಆಯಿ ಇದ್ದಳು. ಆಯಿ ಎಂದರೆ ಅಪ್ಪನ ತಾಯಿ. ಒಂದಕ್ಷರ ಬಾರದವಳು, ಆದರೆ ಅವಳ ಎದುರು ತೂಕದಲ್ಲಿ ಮೋಸ ಮಾಡಿದ ಹಮಾಲನಿಲ್ಲ. ನಾನು ಅಳುತ್ತ ಅಳುತ್ತ ಎಲ್ಲ ಹೇಳಿದೆ. ಅವಳು ಮೊದಲು ಕೇಳಿದ್ದು ನನ್ನ ಅವಮಾನದ ವಿಷಯವಲ್ಲ. ಬೆಕ್ಕನ್ನು ಯಾಕೆ ಅಲ್ಲಿ ಕೂಡಿಸಿದ್ದರು ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅವರು ಏನು ಬೆಳೆಯುತ್ತಿದ್ದರು ಎಂದಳು. ಗೋಧಿ, ಮನೆಮನೆಗೆ ಕಣಜ ಎಂದೆ. ಆಯಿ ನಕ್ಕುಬಿಟ್ಟಳು.

"ಕಣಜ ಇದ್ದವರ ಮನ್ಯಾಗ ಇಲಿ ಬಿಡ್ತಾವೇನು? ಬೆಕ್ಕು ಇಲ್ಲಂದ್ರ ಅವರ ಮಕ್ಕಳು ಏನ ತಿಂತಿದ್ವು? ನಮ್ಮ ಅಂಗಡ್ಯಾಗ ಮೂರು ಬೆಕ್ಕು ಯಾಕ ಸಾಕೀವಿ, ಚಂದ ಕಾಣತಾವ ಅಂತೇನು?"

ನಾನು ಒಂದೊಂದೇ ಕೇಳುತ್ತ ಹೋದೆ, ಅವಳು ಗೋಧಿ ಹಸನು ಮಾಡುತ್ತ ಒಂದೊಂದೇ ಹೇಳುತ್ತ ಹೋದಳು. ಸಗಣಿ ಹುಳ ತನ್ನ ಮೈಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ಉರುಳಿಸುತ್ತದೆ, ಅದನ್ನು ಹೊಲದಲ್ಲಿ ಯಾರು ನೋಡಿಲ್ಲ? ಬಾನಿನಲ್ಲಿ ಸೂರ್ಯನನ್ನೂ ಯಾರೋ ಹಿಂಗೇ ಉರುಳಿಸುತ್ತಾರೆ ಅಂದುಕೊಂಡರೆ ಅದರಲ್ಲಿ ದಡ್ಡತನ ಏನಿದೆ? ಮೊಸಳೆ ಇದ್ದ ಹೊಳೆಗೆ ನೀರಿಗೆ ಹೋಗುವವರು ಮೊಸಳೆಗೆ ಕೈಮುಗಿಯದೆ ಇನ್ನೇನು ಮಾಡುತ್ತಾರೆ? ನಾವು ನಾಗಪ್ಪನಿಗೆ ಹಾಲು ಎರೆಯುವುದಿಲ್ಲವೇ? ಜಗಲಿಯ ಲಿಂಗದ ಮೇಲೆ ಐದು ಹೆಡೆ ಎತ್ತಿದ ಹಿತ್ತಾಳೆಯ ಹಾವಿತ್ತು, ಅದನ್ನು ತೋರಿಸಿದಳು. ಯಾವುದಕ್ಕೆ ಅಂಜುತ್ತೇವೋ ಅದನ್ನೇ ದೇವರ ಮೇಲೆ ಕೊಡೆ ಮಾಡಿ ನಿಲ್ಲಿಸಿದ್ದೇವೆ ಎಂದಳು. ಗಂಟೆಯ ಬಸವಣ್ಣನ ಹಣೆಗೆ ಅವಳು ದಿನಾ ವಿಭೂತಿ ಹಚ್ಚಿ, ಬಾರಿಸುವ ಮೊದಲು ಅವನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಿದ್ದಳು. ಅದು ಯಾಕೆ ಎಂದು ಆವತ್ತೇ ನಾನು ಮೊದಲ ಸಲ ಕೇಳಿದ್ದು.

"ಗಂಟಿ ದನಿ ಮೊದಲ ಅಂವನ ಕಿವಿಗಿ ಬೀಳ್ತದ. ಅಂವಾ ಒಳಗ ಹೋಗಿ ಹೇಳ್ತಾನ. ದೇವರಿಗಿ ಮಕ ಮಾರಿ ಇಲ್ಲ ಯವ್ವಾ. ಮಾರಿ ಇಲ್ಲದ್ದು ಮನಸಿನಾಗ ನಿಂದ್ರಂಗಿಲ್ಲ. ಅದಕ್ಕ ನಮ್ಮ ಜೋಡಿ ದುಡಿದವರ ಮಾರಿ ಹಚ್ಚೀವಿ."

ಇಡೀ ಇಜಿಪ್ತು ನನಗೆ ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲೇ ಇದ್ದ ಹಾಗಾಯಿತು. ಅವರು ಮೂರ್ಖರಂತೆ! ಕಣಜ ಕಾಯುವ ಬೆಕ್ಕನ್ನು ನೆತ್ತಿಯ ಮೇಲೆ ಕೂಡಿಸಿದವರು ಮೂರ್ಖರೋ, ತಿನ್ನುವ ಭಾಕರಿ ಎಲ್ಲಿಂದ ಬಂತು ಎಂದು ನೋಡದವರು ಮೂರ್ಖರೋ? ನನಗೆ ಸಿಟ್ಟು ನೆತ್ತಿಗೇರಿತು. ಈ ವಯಸ್ಸಿನಲ್ಲೂ ಆ ಸಿಟ್ಟನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಮರುದಿನ ನಾನು ಯಾರನ್ನೂ ಕೇಳದೆ ಗಂಟೆಯನ್ನು ಜಗಲಿಯಿಂದ ತೆಗೆದೆ. ನಾಲಿಗೆ ಸದ್ದು ಮಾಡದ ಹಾಗೆ ಒಳಗೆ ಅರಿವೆ ತುರುಕಿ, ಪಾಟಿಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೋದೆ. ಅದು ನನ್ನ ಎರಡನೇ ತಪ್ಪು, ಅದನ್ನೂ ಒಪ್ಪುತ್ತೇನೆ. ಆ ಬೆಳಿಗ್ಗೆ ಆಯಿ ಪೂಜೆಗೆ ಕೂತು ಗಂಟೆ ಕಾಣದೆ, ತಾಟಿಗೆ ಚಮಚ ಬಡಿದು ಮಂಗಳಾರತಿ ಮುಗಿಸಿದಳಂತೆ. ಅವ್ವ ಅದನ್ನು ಹತ್ತು ವರ್ಷ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಗುರೂಜಿ ಬಂದು ಕೂತರು. ಅವರ ಕುರ್ಚಿಯ ಹಿಂದಿನ ಗೋಡೆಗೆ ಸರಸ್ವತಿಯ ಪಟವಿತ್ತು, ಅವಳ ಕಾಲ ಬಳಿ ಒಂದು ನವಿಲು. ನಾನು ಎದ್ದು ಹೋಗಿ ಗಂಟೆಯನ್ನು ಅವರ ಮೇಜಿನ ಮೇಲೆ ಇಟ್ಟೆ. ಇಡುವಾಗ ಅರಿವೆ ಜಾರಿ ಅದು ಒಂದು ಸಲ ಠಣ್ ಅಂದಿತು. ನನ್ನ ಬಾಯಿಂದ ಮರಾಠಿ ನೆಟ್ಟಗೆ ಬಂತು. ನಿನ್ನೆಯ ಚಿತ್ರ ತಪ್ಪು, ನೋಡದೆ ಬರೆದೆ, ಕೊಂಬು ಅಳಿಸುತ್ತೇನೆ ಎಂದೆ. ನಮ್ಮ ಮನೆಯ ಗಂಟೆ ಹೀಗಿದೆ, ಅದಕ್ಕೆ ಕೈ ಹಾಗೆ ಹೋಯಿತು ಎಂದೆ. ಅವರ ನಾಡಿನಲ್ಲಿ ಧಾನ್ಯ ಕಾದದ್ದು ಬೆಕ್ಕು, ನಮ್ಮ ನಾಡಿನಲ್ಲಿ ಧಾನ್ಯ ಬೆಳೆದದ್ದು ಎತ್ತು, ಆದ್ದರಿಂದ ಅವರೂ ಮೂರ್ಖರಲ್ಲ, ನಾವೂ ಎತ್ತುಗಳಲ್ಲ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತೇನೋ. ಆದರೆ ಕಣ್ಣು ಪಟದ ಮೇಲೆ ಹೋಯಿತು. ಶಾಲೆಯಲ್ಲಿ ನಾವೆಲ್ಲ ಸೋಮವಾರಕ್ಕೊಮ್ಮೆ ಕೈಮುಗಿಯುವ ಆ ನವಿಲು ಯಾವ ಊರಿನದು ಎಂದು ಕೇಳಿಬಿಟ್ಟೆ.

ಹುಡುಗರು ನಕ್ಕರು. ಈ ಸಲ ನಕ್ಕದ್ದು ನನ್ನನ್ನು ನೋಡಿ ಅಲ್ಲ. ಗುರೂಜಿ ಎದ್ದು ನಿಂತರು. ಗಂಟೆಯನ್ನು ಮನೆಗೆ ಒಯ್ಯಬೇಕು, ನಾಳೆ ತಂದೆಯನ್ನು ಕರೆದುಕೊಂಡು ಬರಬೇಕು, ಕ್ಷಮೆ ಕೇಳಿ ಮಾಫೀನಾಮಾ ಬರೆದು ತರಬೇಕು, ಅದು ಕೈಗೆ ಬರುವ ತನಕ ಫಾರ್ಮಿಗೆ ಸಹಿ ಇಲ್ಲ ಎಂದರು. ಫಾರ್ಮು ಕಳಿಸುವ ಕಡೇ ದಿನಕ್ಕೆ ಇನ್ನು ಮೂರೇ ದಿನ ಇದ್ದವು.

ಅಪ್ಪ ಸಿಟ್ಟಿನ ಮನುಷ್ಯನಲ್ಲ. ನಾನು ಹೇಳಿದ್ದನ್ನು ಕೇಳಿಸಿಕೊಂಡ. ಅವನು ಓದಿದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಓದುತ್ತಿದ್ದ. ಮರಾಠಿ ನೀರು ಕುಡಿದ ಹಾಗೆ ಮಾತಾಡುತ್ತಿದ್ದ, ಆದರೆ ಬಾಳಬೋಧ ಅಕ್ಷರ, ಎಂದರೆ ಮರಾಠಿಯ ದೇವನಾಗರಿ, ಅವನಿಗೆ ಬರುತ್ತಿರಲಿಲ್ಲ. ಮರಾಠಿ ಪತ್ರ ಬಂದರೆ ಮುನೀಮ ಓದಿ ಹೇಳುತ್ತಿದ್ದ. ಊರಿನ ದೊಡ್ಡ ವ್ಯಾಪಾರಿ ಸರಕಾರದ ಹೊಸ ಅಕ್ಷರ ಓದಲಾರ ಎಂಬುದನ್ನು ಅಂಗಡಿಯ ಆಚೆ ಯಾರಿಗೂ ಗೊತ್ತಾಗದ ಹಾಗೆ ಅವನು ಹತ್ತು ವರ್ಷ ಕಾಪಾಡಿಕೊಂಡು ಬಂದಿದ್ದ. ಗಾಳಿ ಬಂದಾಗ ತೂರಿಕೊಳ್ಳಬೇಕು, ಗಾಳಿಯ ಜೊತೆ ಜಗಳ ಆಡಬಾರದು ಎನ್ನುವುದು ಅವನ ಮಾತು.

"ನಾಕು ಸಾಲು ಬರದ ಕೊಡು. ಬರದ್ರ ಕೈಗೇನು ಮುಳ್ಳು ಚುಚ್ಚತದ? ಇಲ್ಲಂದ್ರ ಔರಾದದವರಿಗೆ ಈ ತಿಂಗಳೇ ಹ್ಞೂಂ ಅಂತೀನಿ. ಮತ್ತ ನನ್ನ ಕೈಯಾಗ ಏನೂ ಇಲ್ಲ," ಎಂದ.

ಅವ್ವ ನನಗೆ ಕೊಂಬು ಬಂದಿವೆ ಎಂದು ಬೈದಳು. ನಾನು ಕಾಗದ ತೆಗೆದುಕೊಂಡು ಮೂಲೆಗೆ ಕೂತೆ. ಮಾಫೀನಾಮಾ ಬರೆಯುವುದು ಕಷ್ಟವಲ್ಲ, ಎಲ್ಲರೂ ಬರೆಯುವ ಒಕ್ಕಣೆ ನನಗೆ ಬಾಯಿಪಾಠ ಇತ್ತು. ಬರೆದರೆ ಪರೀಕ್ಷೆ, ಪರೀಕ್ಷೆಯಾದರೆ ಟ್ರೇನಿಂಗು. ಎಷ್ಟು ಸಣ್ಣ ಬೆಲೆ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಮಾತ್ರ ಏಳಲಿಲ್ಲ. ಆಯಿ ಹತ್ತಿರ ಬಂದು ಕೂತಳು. ಗಂಟೆ ಕೇಳದೆ ಒಯ್ದದ್ದಕ್ಕೆ ನಾನು ಶಾಲೆಯಿಂದ ಬಂದ ಕೂಡಲೇ ಬೈದು ಮುಗಿಸಿದ್ದಳು.

"ತಪ್ಪು ಎಷ್ಟು ಅದನೋ ಅಷ್ಟೇ ತೂಗಿ ಬರಿ," ಎಂದಳು. "ಹೆಚ್ಚ ಬ್ಯಾಡ, ಕಡಿಮಿ ಬ್ಯಾಡ."

ನಾನು ಅಷ್ಟೇ ತೂಗಿದೆ. ಬೆಕ್ಕನ್ನು ಎತ್ತಾಗಿ ಬರೆದದ್ದು ನನ್ನ ತಪ್ಪು. ಶಾಲೆಗೆ ಗಂಟೆ ತಂದದ್ದು ನನ್ನ ತಪ್ಪು. ಇಜಿಪ್ತಿನವರನ್ನು ಮೂರ್ಖರು ಎಂದದ್ದು, ನಮ್ಮ ಮನೆಯವರನ್ನು ಎತ್ತುಗಳು ಎಂದದ್ದು ನನ್ನ ತಪ್ಪಲ್ಲ. ಮೊದಲ ಎರಡಕ್ಕೆ ಕ್ಷಮೆ ಕೇಳುತ್ತೇನೆ, ಉಳಿದದ್ದಕ್ಕೆ ಕೇಳುವುದಿಲ್ಲ. ಕೆಳಗೆ ನನ್ನ ಹೆಸರು. ಮರಾಠಿ ಅಕ್ಷರ ಗುಂಡಗೆ, ಗುರೂಜಿ ಕಲಿಸಿದ ಹಾಗೆಯೇ. ಮುನೀಮ ಜಳಕೋಟಿಗೆ ಹೋಗಿದ್ದ. ಅಪ್ಪ ಕಾಗದ ಕೈಗೆ ತೆಗೆದುಕೊಂಡು ಬರೆದೆಯಾ ಎಂದು ಕೇಳಿದ. ಬರೆದೆ ಎಂದೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡ. ಅವನನ್ನು ಕತ್ತಲಲ್ಲಿ ಕರೆದುಕೊಂಡು ಹೊರಟಿದ್ದೇನೆ ಎಂದು ನನಗೆ ಗೊತ್ತಿತ್ತು. ಆದರೂ ಅದರಲ್ಲಿ ಏನಿದೆ ಎಂದು ಹೇಳಲಿಲ್ಲ.

ಹೆಡ್‌ಮಾಸ್ತರರ ಕೋಣೆ. ಅವರು ಈ ಊರಿನವರೇ, ಹಳೆಯ ಕಾಲದಿಂದ ಇದ್ದವರು, ನಿವೃತ್ತಿಗೆ ಹತ್ತಿರ ಬಂದಿದ್ದರು. ಗುರೂಜಿ ಪಕ್ಕದಲ್ಲಿ ನಿಂತಿದ್ದರು. ಅಪ್ಪ ತಲೆ ಬಾಗಿಸಿ ಎರಡೂ ಕೈಯಿಂದ ಕಾಗದ ಕೊಟ್ಟ. ಹುಡುಗಿ ತಿಳಿಯದೆ ಮಾಡಿದ್ದಾಳೆ, ದೊಡ್ಡವರು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದ. ಗುರೂಜಿ ಓದಿದರು. ಮುಖ ಕೆಂಪಾಯಿತು. ಕಾಗದವನ್ನು ಅಪ್ಪನಿಗೇ ತಿರುಗಿ ಕೊಟ್ಟು, ಇದೇ ಏನು ಮಾಫೀನಾಮಾ, ನೀವೇ ಓದಿ ಎಂದರು.

ಅಪ್ಪ ಕಾಗದ ಹಿಡಿದು ನಿಂತ. ಕಣ್ಣು ಸಾಲಿನ ಮೇಲೆ ಇತ್ತು, ಆದರೆ ಓಡಲಿಲ್ಲ. ಅವನ ಹೆಬ್ಬೆರಳು ಕಾಗದದ ಅಂಚನ್ನು ಒತ್ತುತ್ತಿತ್ತು. ಗುರೂಜಿಗೆ ಅರ್ಥವಾಯಿತು. ಅವರು ಮುಗುಳ್ನಕ್ಕರು. ನನ್ನ ವಹಿ ಎತ್ತಿ ಹಿಡಿದಾಗ ಇದ್ದದ್ದೂ ಇದೇ ನಗು. ನನ್ನಿಂದಾಗಿ ಅಪ್ಪ ಹತ್ತು ವರ್ಷ ಮುಚ್ಚಿಟ್ಟದ್ದು ಬಯಲಾಯಿತು, ಅದಕ್ಕೆ ನನಗೆ ನಾಚಿಕೆಯಾಯಿತು. ಆ ಇಡೀ ಪ್ರಸಂಗದಲ್ಲಿ ನನಗೆ ನಾಚಿಕೆಯಾದದ್ದು ಅಲ್ಲಿ ಒಂದೇ ಕಡೆ.

ಗುರೂಜಿ ಕಾಗದ ಕಸಿದುಕೊಂಡು ಗಟ್ಟಿಯಾಗಿ ಓದಿದರು. ಅಪ್ಪ ತಲೆ ಎತ್ತಿ ಒಂದೊಂದು ಸಾಲನ್ನೂ ಕೇಳಿದ. ಎತ್ತುಗಳು ಎಂಬ ಮಾತು ಬಂದಾಗ ನನ್ನ ಕಡೆ ತಿರುಗಿ, ಇವರು ಹಾಗೆ ಅಂದದ್ದು ಹೌದೇನು ಎಂದು ಕನ್ನಡದಲ್ಲಿ ಕೇಳಿದ. ಹೌದು ಎಂದೆ. ನಾನು ಮನೆಯಲ್ಲಿ ಅಪ್ಪನಿಗೆ ಆ ಒಂದು ಮಾತನ್ನು ಹೇಳಿರಲಿಲ್ಲ, ಹೇಳಲು ಬಾಯಿ ಬಂದಿರಲಿಲ್ಲ. ಅಪ್ಪ ಗುರೂಜಿಯ ಕಡೆ ತಿರುಗಿ, ಇದರಲ್ಲಿ ಯಾವ ಸಾಲು ಸುಳ್ಳು ಎಂದು ಮರಾಠಿಯಲ್ಲಿ ಬಹಳ ಮೆತ್ತಗೆ ಕೇಳಿದ. ಗುರೂಜಿ ಇದು ಉದ್ಧಟತನ ಎಂದರು. ಅಪ್ಪ ಎರಡನೇ ಸಲ ಕೇಳಿದ. ಆಮೇಲೆ ಮೇಜಿನ ಮೇಲಿದ್ದ ಟಾಕು ಶಾಯಿಯಲ್ಲಿ ಅದ್ದಿ, ನನ್ನ ಹೆಸರಿನ ಕೆಳಗೆ ಬಲದಿಂದ ಎಡಕ್ಕೆ ಒಂದು ಸಾಲು ಉರ್ದು ಬರೆದು, ಸಹಿ ಹಾಕಿ, ಕಾಗದವನ್ನು ಗುರೂಜಿಯ ಮುಂದೆ ಸರಿಸಿದ.

ಗುರೂಜಿ ಅದನ್ನು ನೋಡಿದರು. ಈಗ ಅವರ ಕಣ್ಣು ಓಡಲಿಲ್ಲ. ಏನು ಬರೆದದ್ದು ಎಂದು ಹೆಡ್‌ಮಾಸ್ತರರನ್ನೇ ಕೇಳಬೇಕಾಯಿತು. ಹೆಡ್‌ಮಾಸ್ತರರು ಕನ್ನಡಕ ಏರಿಸಿ, ಎಷ್ಟೋ ದಿನದ ಮೇಲೆ ಸಿಕ್ಕ ಅಕ್ಷರವನ್ನು ಸವಿಯುತ್ತ ಓದಿದರು.

"ಜೋ ಮೇರೀ ಬೇಟೀನೇ ಲಿಖಾ ಹೈ, ವೋ ಮೈನೇ ಲಿಖಾ ಹೈ."

ನನ್ನ ಮಗಳು ಬರೆದದ್ದು ನಾನೇ ಬರೆದದ್ದು.

ಗುರೂಜಿ ಫಾರ್ಮಿಗೆ ಸಹಿ ಹಾಕಲಿಲ್ಲ. ಹೆಡ್‌ಮಾಸ್ತರರ ಮುಖದಲ್ಲಿ ನಗು ಬಂದಿತ್ತು, ಆದರೆ ಧೈರ್ಯ ಬರಲಿಲ್ಲ. ಆ ವರ್ಷ ನಾನು ಪರೀಕ್ಷೆಗೆ ಕೂಡಲಿಲ್ಲ. ಔರಾದದವರಿಗೆ ಅಪ್ಪ ಇನ್ನೊಂದು ವರ್ಷ ಎಂದು ಹೇಳಿ ಕಳಿಸಿದ, ಅವರು ಕಾಯಲಾರೆವು ಎಂದರು, ಅಪ್ಪ ಆಗಲಿ ಎಂದ. ಮರುವರ್ಷ ನಾನು ಉಮರ್ಗಾದಲ್ಲಿ ಸೋದರಮಾವನ ಮನೆಯಲ್ಲಿ ಇದ್ದು ಏಳನೆಯದು ಪಾಸಾದೆ. ಟ್ರೇನಿಂಗಿನ ಅರ್ಜಿಯನ್ನೂ ಅಲ್ಲಿಂದಲೇ ಹಾಕಿದೆ. ಅದೆಲ್ಲ ಆಮೇಲಿನ ಮಾತು. ಆ ದಿನ ಕೋಣೆಯಿಂದ ಹೊರಗೆ ಬಂದು ಅಪ್ಪ ಮೆಟ್ಟಿಲ ಮೇಲೆ ಕಾಲ್ಮರಿ ಮೆಟ್ಟಿಕೊಳ್ಳುತ್ತಿದ್ದ. ನಾನು ಬೈಗುಳ ಕಾಯುತ್ತ ನಿಂತಿದ್ದೆ.

"ಉಮರ್ಗಾಕ್ಕ ಹೋಗಿ ಮಾವನ ಮನ್ಯಾಗ ಇದ್ದು ಓದತೀ?" ಎಂದು ಕೇಳಿದ.

ಓದುತ್ತೇನೆ ಎಂದೆ.

"ಅಲ್ಲೂ ಯಾರರೆ ಹಿಂಗೇ ಅಂದ್ರ?"

ಮತ್ತೆ ಬರೆಯುತ್ತೇನೆ ಎಂದೆ.

ಅಪ್ಪ ಇನ್ನೊಂದು ಕಾಲ್ಮರಿ ಮೆಟ್ಟಿಕೊಂಡ.

"ಬರದ್ರ ಮೊದಲ ನನಗ ಓದಿ ಹೇಳು," ಎಂದ. "ಸಹಿ ಹಾಕಲಾಕ ನಾ ಉಮರ್ಗಾದ ತನಕ ಬರಬೇಕಾಗ್ತದ."